ದೀಪ ಆರಿಸುವ ಕೆಲಸ

ನಗರಪಾಲಿಕೆಯ ಬೀದಿದೀಪ ವಿಭಾಗದ ಮೇಲ್ವಿಚಾರಕನನ್ನು ಊರವರು ದೀಪದಣ್ಣ ಎಂದೇ ಕರೆಯುತ್ತಿದ್ದರು. ಕಂಬ ಹತ್ತುವ ಕೆಲಸಕ್ಕೆ ಸೇರಿ, ಮೊಣಕಾಲು ಸವೆದ ಮೇಲೆ ಕುರ್ಚಿ ಕಂಡವನು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿ, ಪಾಲಿಕೆಗೆ ಬರುವ ತೆರಿಗೆ ಬತ್ತಿಹೋದ ವರ್ಷ ಆಯುಕ್ತರು ಅವನನ್ನು ಕರೆಸಿದರು.

“ದೊಡ್ಡ ರಸ್ತೆಗಳಲ್ಲಿ ಒಂದು ಬಿಟ್ಟು ಒಂದು ದೀಪ ಆರಿಸಿ. ಗಲ್ಲಿಗಳಲ್ಲಿ ಪೂರ್ತಿ ಆರಿಸಿಬಿಡಿ. ಪೌರಕಾರ್ಮಿಕರಿಗೆ ಸಂಬಳ ಕೊಡ್ಬೇಕೋ, ಕರೆಂಟ್ ಬಿಲ್ ಕಟ್ಬೇಕೋ, ನೀವೇ ಹೇಳಿ.”

ದೀಪದಣ್ಣ ಹೇಳಿದಂತೆ ಆರಿಸಿದ. ಅಂದಿನಿಂದ ಕೂತರೂ ನಿಂತರೂ ಬೈಗುಳವೇ. ಫೋನು ಎತ್ತಿದರೆ ಶಾಪ, ಟೀ ಅಂಗಡಿಗೆ ಹೋದರೆ “ಬಂದ ನೋಡು, ಕತ್ತಲಣ್ಣ” ಎಂಬ ನಗೆ. ಬಡವನ ಕೋಪ ದವಡೆಗೆ ಮೂಲ ಎಂದುಕೊಂಡು ಟೀ ಕುಡಿದು ಎದ್ದು ಬರುತ್ತಿದ್ದ.

ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಅವನ ಅಕ್ಕ ಮನೆಗೇ ಬಂದಳು. “ನಾನು ಮನೆ ಸೇರೋದೇ ಕತ್ತಲಾದ್ಮೇಲೆ ಕಣೋ. ನಮ್ಮ ಗಲ್ಲಿದೊಂದು ಬಿಟ್ಬಿಡು. ಅಷ್ಟಕ್ಕೇ ಪಾಲಿಕೆ ಮುಳುಗಿ ಹೋಗುತ್ತಾ?”

ಚಿಕ್ಕಂದಿನಲ್ಲಿ ಅವನನ್ನು ಎತ್ತಿ ಆಡಿಸಿದವಳು. ಅವಳ ಗಲ್ಲಿಯ ದೀಪ ಉರಿಯಲು ಬಿಟ್ಟ.

ಕೆಲವು ದಿನಗಳ ಬಳಿಕ ಪಕ್ಕದ ಗಲ್ಲಿಯ ಟೈಲರ್ ಕಚೇರಿಗೆ ಬಂದ. ಕೂಗಾಡಲಿಲ್ಲ, ಕೂರಲೂ ಇಲ್ಲ. “ಅಮ್ಮ ಚರಂಡಿಗೆ ಬಿದ್ರು ಸಾರ್. ಎಲ್ಲಿ ಪೆಟ್ಟಾಗಿದೆ ಅಂತ ನೋಡೋಕೆ ನಿಮ್ಮ ಅಕ್ಕನ ಗಲ್ಲಿ ದೀಪದ ಕೆಳಗೇ ಎತ್ಕೊಂಡು ಹೋದ್ವಿ. ಸೊಂಟ ಮುರಿದಿದೆ.” ಇಷ್ಟು ಹೇಳಿ ಹೊರಟುಹೋದ.

ಆ ಸಂಜೆ ದೀಪದಣ್ಣ ತಾನೇ ಹೋಗಿ ಅಕ್ಕನ ಗಲ್ಲಿಯ ಫ್ಯೂಸ್ ಕಿತ್ತ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. “ಊರಿಗೆಲ್ಲ ಒಳ್ಳೆಯವನಾಗು,” ಎಂದು ಕದ ಹಾಕಿಕೊಂಡಳು.

ಮರುದಿನದಿಂದ ಅವನು ಕಚೇರಿ ಮುಗಿಸಿ, ಟಾರ್ಚ್ ಹಿಡಿದು ಬಸ್ ನಿಲ್ದಾಣದಲ್ಲಿ ಅಕ್ಕನಿಗಾಗಿ ಕಾದ. ಅವಳು ಮಾತಿಲ್ಲದೆ ಮುಂದೆ, ಇವನು ಕುಂಟುತ್ತ ಹಿಂದೆ. ದಿನ ಕಳೆದಂತೆ ಕೆಲಸ ಮುಗಿಸಿ ಬರುವ ಇನ್ನಷ್ಟು ಹೆಂಗಸರು ಆ ಬೆಳಕಿಗೆ ಸೇರಿಕೊಂಡರು. ಮಳೆಗಾಲದ ಒಂದು ಸಂಜೆ ಅಕ್ಕ ತಿರುಗಿ ನೋಡದೆಯೇ, “ಮೊಣಕಾಲಿಗೆ ಎಣ್ಣೆಯಾದ್ರೂ ಹಚ್ತೀಯೋ ಇಲ್ವೋ?” ಎಂದಳು. ಅದೇ ರಾಜಿ.

ಕಾರ್ಖಾನೆಗಳು ಅರ್ಧಂಬರ್ಧ ತೆರೆದವು. ಗಲ್ಲಿಗಳಿಗೆ ದೀಪ ಮರಳಿತು. ಯಾರೂ ಸಂಭ್ರಮಿಸಲಿಲ್ಲ, ಅವನೂ ಇಲ್ಲ. ಅಲ್ಲಿಯವರೆಗೆ ಟೈಲರ್ ಮನೆಗೆ ಹೋಗುವ ಧೈರ್ಯವಾಗಿರಲಿಲ್ಲ. ಈಗ ಹೋದ. ಹೊಲಿಗೆ ಯಂತ್ರದ ಪಕ್ಕದ ಮಂಚದಲ್ಲಿ ಮುದುಕಿ ದಿಂಬಿಗೆ ಒರಗಿ, ಮಗನಿಗಾಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

“ತಪ್ಪಾಯ್ತಮ್ಮ,” ಎಂದ.

“ನಿಂದೇನಪ್ಪ ತಪ್ಪು? ನನಗೆ ಮೊದಲೇ ಕಣ್ಣು ಕಾಣಲ್ಲ. ದೀಪ ಇದ್ದಿದ್ರೂ ಬೀಳ್ತಿದ್ದೆ,” ಎನ್ನುತ್ತ ಮುದುಕಿ ದಾರವನ್ನು ಒಂದೇ ಸಲಕ್ಕೆ ಸೂಜಿಯ ಕಣ್ಣಿಗೆ ತೂರಿಸಿದಳು.

ಅವನು ಅದನ್ನು ನೋಡಿದ. ಟೈಲರ್ ತಲೆಯೆತ್ತದೆ ಯಂತ್ರ ತುಳಿಯುತ್ತಲೇ ಇದ್ದ.