ಒಂಟಿ ಮಂಗಟ್ಟೆ

ಸೋಮು ಹುಟ್ಟಿ ಬೆಳೆದದ್ದು ಮಲ್ಲಾಪುರದಾಚೆ, ಹುಲಿ ಸಂರಕ್ಷಿತ ಕಾಡಿನ ಅಂಚಿನಲ್ಲಿ. ಪೇಟೆಯ ಸರ್ಕಾರಿ ಕ್ವಾರ್ಟರ್ಸಿನ ತೋಟಗಳಲ್ಲಿ ಕೂಲಿ ಮಾಡಿ ಸಂಸಾರ ತೂಗಿಸುತ್ತಿದ್ದ. ಅಪ್ಪ ಬಿಟ್ಟುಹೋದ ಕೋವಿಯ ಜೊತೆಗೆ ಅಪ್ಪನದೇ ಒಂದು ಕಟ್ಟುಪಾಡೂ ಇತ್ತು: ಜೋಡಿ ಹಕ್ಕಿಯಲ್ಲಿ ಒಂದನ್ನು ಹೊಡೆಯಬಾರದು. ಕದ್ದು ಬೇಟೆಯಾಡುವುದು, ಅದಕ್ಕೊಂದು ನೇಮ ಬೇರೆ! ಆದರೂ ಸೋಮು ಅದನ್ನು ಮೀರಿದವನಲ್ಲ.

ಬೇಸಿಗೆಯಲ್ಲಿ ಹೆಂಡತಿ ಸುನೀತಾ ಹೆತ್ತಳು. ಮಗು ಗಟ್ಟಿಯಾಗಿತ್ತು, ತಾಯಿಗೆ ಮಾತ್ರ ಸೊಂಟ ನಿಲ್ಲಲಿಲ್ಲ. ಆಸ್ಪತ್ರೆಯ ಗುಳಿಗೆ ನುಂಗಿದರೂ ಕತ್ತಲೆಯ ಬಾಣಂತಿ ಕೋಣೆಯಲ್ಲಿ ನರಳುತ್ತ ಬಿದ್ದಿದ್ದಳು. ಇವಳು ಏಳುವುದೇ ಇಲ್ಲವೇನೋ ಎಂದು ಸೋಮು ಹೆದರಿ ಹೋದ.

"ಮಂಗಟ್ಟೆ ಎಣ್ಣೆ ತಿಕ್ಕೂಕೆ ಬೇಕು ತಮ್ಮಾ," ಎಂದಳು ಸೋಮುವಿನ ತಾಯಿ ನಾಗಿ. "ಇಲ್ದಿರೆ ಅವ್ಳು ಏಳೂದಿಲ್ಲ."

ಕೊಕ್ಕಿನ ಮೇಲೆ ಹಳದಿ ಕಿರೀಟ ಹೊತ್ತ ಮಂಗಟ್ಟೆ ಜೋಡಿ ಬಿಟ್ಟು ಹಾರುವ ಹಕ್ಕಿಯಲ್ಲ. ಆದರೆ ಹಣ್ಣು ತುಂಬಿದ ಗೋಳಿಮರಕ್ಕೆ ದಿನಾ ಬೆಳಿಗ್ಗೆ ಒಂದೇ ಬರುತ್ತಿತ್ತು. ಸೋಮು ಮತ್ತೆ ಮತ್ತೆ ಕಾದು ನೋಡಿದ. ಒಂಟಿ ಎಂದು ಖಾತ್ರಿಯಾದ ಮೇಲೆಯೇ ಗುಂಡು ಹಾರಿಸಿದ. ಬಿದ್ದ ಹಕ್ಕಿಯ ಗಂಟಲಿನಿಂದ ಇಡೀ ಇಡೀ ಹಣ್ಣುಗಳು ಹೊರಬಂದವು. ಯಾರಿಗಾಗಿ ಎಂದು ಅವನು ಯೋಚಿಸಲಿಲ್ಲ.

ಹಕ್ಕಿಯ ಕೊಬ್ಬು ಕರಗಿಸಿ, ಎಣ್ಣೆ ಕಾಯಿಸಿ ಸೊಂಟಕ್ಕೆ ತಿಕ್ಕಿದರು. ಸುನೀತಾ ಗೋಡೆ ಹಿಡಿದು ನಿಲ್ಲುವಂತಾದಳು.

ಅದೇ ವಾರ ಕಟ್ಟಿಗೆಗೆ ಹೋದ ಸೋಮು ತಾರೆಮರದೊಳಗೆ ಕುಟ್ಟುವ ಸದ್ದು ಕೇಳಿ ತಲೆಯೆತ್ತಿದ. ಪೊಟರೆಯ ಬಾಯಿ ಹಿಕ್ಕೆ ಮೆತ್ತಿ ಮುಚ್ಚಿತ್ತು. ನಡುವಿನ ಸೀಳಿನಲ್ಲಿ ಕೊಕ್ಕಿನ ತುದಿ ಕಂಡಿತು. ಹೆಣ್ಣು ಬಾಯಿ ಮುಚ್ಚಿಕೊಂಡು, ರೆಕ್ಕೆಯ ಗರಿ ಉದುರಿಸಿ ಒಳಗೇ ಕೂತು ಮರಿ ಮಾಡುತ್ತದೆ, ಗಂಡು ತಂದು ಉಣಿಸುತ್ತದೆ ಎಂದು ಅಪ್ಪ ಹೇಳಿದ್ದು ಆಗ ನೆನಪಾಯಿತು. ಹಾಳು ಬುದ್ಧಿ, ಬೇಕಾದಾಗ ಬರಲಿಲ್ಲ.

ಗೋಳಿಹಣ್ಣು ಕಿತ್ತು ಮರ ಹತ್ತಿದ. ಮನುಷ್ಯನ ಕೈ ಕಂಡದ್ದೇ ಕೊಕ್ಕು ಒಳಸರಿಯಿತು. ಒಳಗೆ ಮರಿ ಕ್ಷೀಣವಾಗಿ ಅರಚುತ್ತಿತ್ತು. ಫಾರೆಸ್ಟ್ ಗಾರ್ಡ್ ಹರೀಶನಿಗೆ ಫೋನ್ ಮಾಡಿದರೆ ತಾಯಿ, ಮರಿ ಎರಡೂ ಉಳಿದಾವು. ಆದರೆ ಗಂಡು ಎಲ್ಲಿ ಎಂದು ಕೇಳಿಯೇ ಕೇಳುತ್ತಾರೆ, ಆಮೇಲೆ ಜೈಲು. ಬಾಣಂತಿಗೆ ಯಾರು ಗತಿ? ಫೋನನ್ನು ಜೇಬಿಗೆ ಹಾಕಿ, ಹಣ್ಣುಗಳನ್ನು ಸೀಳಿನಲ್ಲಿ ತುರುಕಿ ಇಳಿದ.

ಎರಡು ದಿನ ಬಿಟ್ಟು ಮತ್ತೆ ಹತ್ತಿದಾಗ ಹಣ್ಣು ಹಾಗೇ ಒಣಗಿತ್ತು. ಸೀಳಿನೊಳಗೆ ಇರುವೆಗಳು ಸಾಲುಗಟ್ಟಿದ್ದವು. ಇಳಿದು ಮರಕ್ಕೆ ಕಿವಿಯಿಟ್ಟು ಬಹಳ ಹೊತ್ತು ನಿಂತ, ಆಮೇಲೆ ಅಲ್ಲೇ ಕೂತು ಅತ್ತ.

ಮನೆಗೆ ಬಂದರೆ ನಾಗಿ ಪೇಟೆಗೆ ಹೋಗಿದ್ದಳು. ಸುನೀತಾ ಮಗು ಎತ್ತಿಕೊಂಡು ಬಾಗಿಲ ತನಕ ನಡೆದು ಬಂದಿದ್ದಳು.

"ಎಲ್ ಹೋಗಿದ್ರಿ? ನಾ ಬೆಳಿಗ್ಗಿಂದ ಹಸ್ಕಂಡು ಕೂತಿದ್ದೆ. ಹೊಟ್ಟಿಗೆ ಇಲ್ದೆ ಮಗೂಗೆ ಹಾಲೆಲ್ಲಿಂದ ಬರೂದು?"

ಅವನು ಅನ್ನ ಬಡಿಸಿದ. ಎರಡು ತುತ್ತುಂಡು ಅವಳೆಂದಳು, "ಎಣ್ಣೆ ಮುಗೀತು. ಇನ್ನೊಂದು ಸಿಗೂದಿಲ್ವಾ?"

"ಇಲ್ಲ," ಎಂದ ಸೋಮು. "ಅಲ್ಲಿ ಈಗ ಒಂದೂ ಇಲ್ಲ."