ಇಸವಿ ಟೀಚರ ಮನೆಯ ಮಹಾರಾಜ

ಚರಿತ್ರೆ ಕಲಿಸುತ್ತಿದ್ದ ಆಕೆಗೆ ಮಕ್ಕಳು ಇಟ್ಟ ಹೆಸರು ‘ಇಸವಿ ಟೀಚರ್’. ಯಾರಾದರೂ ತೂಕಡಿಸಿದರೆ ಎದುರಿಗೇ ಹೋಗಿ ನಿಂತು, ಯಾವುದೋ ಯುದ್ಧದ ಇಸವಿ ಕೇಳಿ ಎಬ್ಬಿಸುತ್ತಿದ್ದರು. ಕಾಯಿಲೆ ಹರಡಿ ಶಾಲೆಗೆ ಬೀಗ ಬಿದ್ದು ಪಾಠವೆಲ್ಲ ಫೋನಿಗೆ ಬಂದ ಮೇಲೆ ಎದುರು ನಿಲ್ಲುವುದಾದರೂ ಎಲ್ಲಿ? ಮಕ್ಕಳು ಕ್ಯಾಮೆರಾ ಮುಚ್ಚಿ ಕೂರುತ್ತಿದ್ದರು. ಪರದೆಯ ತುಂಬ ಕಪ್ಪು ಚೌಕಗಳು. ಅರ್ಥವಾಯಿತೇ ಎಂದರೆ ಒಬ್ಬರದೂ ಉಸಿರಿಲ್ಲ. ಬಾವಿಗೆ ಪಾಠ ಹೇಳಿದ್ದರೆ ಪ್ರತಿಧ್ವನಿಯಾದರೂ ಬರುತ್ತಿತ್ತು ಎಂದು ಗಂಡನೆದುರು ಗೊಣಗಿದರು.

ಗಂಡ ಬಸ್ ಕಂಡಕ್ಟರ್. ಬಸ್ಸುಗಳು ನಿಂತಿದ್ದರಿಂದ ಅವರೂ ಮನೆಯಲ್ಲೇ. ಸಿಗ್ನಲ್ ಸಿಗುತ್ತಿದ್ದುದು ಅಡುಗೆಮನೆಯಲ್ಲಿ ಮಾತ್ರ. ಹಾಗಾಗಿ ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ ಪಾಠ ನಡೆಯುತ್ತಿತ್ತು. ಟೀಚರಿಗೆ ಮೈಕ್ ತೆರೆಯಲು ಬರುತ್ತಿತ್ತು, ಮುಚ್ಚಲು ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪಾಠ ಮುಗಿಸಿ, ಫೋನ್ ಆರಿತೆಂದೇ ತಿಳಿದು, ಒಲೆಯತ್ತ ತಿರುಗಿದರು. ಗಂಡ ಕಾಯಲಿಟ್ಟ ಹಾಲು ಉಕ್ಕಿ ನೆಲಕ್ಕೆ ಹರಿದಿತ್ತು.

“ಹಾಲಿಟ್ಟು ಕಣ್ಣೆಲ್ಲಿ ಇಟ್ಟಿದ್ರಿ?”

“ನಿನ್ನ ಪಾಠ ಕೇಳ್ತಾ ನಿಂತ್ಬಿಟ್ಟೆ ಕಣೇ. ಆ ರಾಜ ಶತ್ರುಗಳಿಗೆ ಕೋಟೆ ಬಾಗ್ಲು ಯಾಕೆ ತೆಗೆದ ಅಂತಾನೇ ಗೊತ್ತಾಗ್ಲಿಲ್ಲ.”

“ನಿಮ್ಮ ಹಾಗೇ ಮೈಮರೆತಿದ್ದ, ಅದಕ್ಕೆ.”

ಡಬ್ಬದ ಕಡೆಯಿಂದ ಕಿಸಕ್ಕನೆ ನಗು ಕೇಳಿತು. ನೋಡಿದರೆ ಕಪ್ಪು ಚೌಕಗಳು ಒಂದೊಂದಾಗಿ ಮುಖಗಳಾಗುತ್ತಿದ್ದವು. ಒಬ್ಬಳ ಹಿಂದೆ ಅವಳ ಅಜ್ಜಿಯೂ ಕನ್ನಡಕ ಏರಿಸಿಕೊಂಡು ಕೂತಿದ್ದರು.

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಟೀಚರಿಗೆ. ಆದರೆ ಎಷ್ಟೋ ಕಾಲದ ಮೇಲೆ ಕಂಡ ಮುಖಗಳು. ಒಬ್ಬನಿಗಂತೂ ಚಿಗುರುಮೀಸೆ ಬಂದುಬಿಟ್ಟಿತ್ತು. ಹೇಗೆ ಕಳಿಸುವುದು? ಒರೆಸುವ ಬಟ್ಟೆ ಹಿಡಿದು ನಿಂತಿದ್ದ ಗಂಡನನ್ನೇ ಫೋನಿನ ಮುಂದೆ ಎಳೆದು ಕೂರಿಸಿ, ಈಗ ನೀವೇ ಆ ರಾಜ, ಬಾಗಿಲು ತೆಗೆದದ್ದೇಕೆಂದು ಮಕ್ಕಳಿಗೆ ಹೇಳಿ ಎಂದರು.

ಕಂಡಕ್ಟರ್ ಸ್ವಲ್ಪ ಯೋಚಿಸಿದರು. “ಒಳಗೆ ಜಾಗ ಖಾಲಿ ಇತ್ತು. ಹೊರಗೆ ಅಷ್ಟೊಂದು ಜನ ನಿಂತಿದ್ರು. ಹತ್ಕೊಳ್ಲಿ ಅಂತ ತೆಗೆದೆ.”

ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಜಗಳಕ್ಕೇ ನಿಂತರು. ಕೋಟೆಯೊಳಗೆ ಕಾಳು ಮುಗಿದಿತ್ತು ಎಂದು ಒಬ್ಬ, ಸೇನಾಪತಿ ಮೋಸಮಾಡಿದ ಎಂದು ಇನ್ನೊಬ್ಬಳು. ಟೀಚರು ಬಾಯಿ ಬಿಡುವ ಮೊದಲೇ ಪಾಠ ತನಗೆ ತಾನೇ ನಡೆದುಹೋಯಿತು.

ಅಂದಿನಿಂದ ಕಂಡಕ್ಟರ್ ದಿನಕ್ಕೊಂದು ರಾಜ್ಯ ಆಳಿದರು, ಬಹುತೇಕ ಎಲ್ಲವನ್ನೂ ಕಳೆದುಕೊಂಡರು. ಸುದ್ದಿ ಮುಖ್ಯೋಪಾಧ್ಯಾಯಿನಿಯ ಕಿವಿಗೂ ಬಿತ್ತು. ಫೋನಿನಲ್ಲಿ ಸಭೆ ಕರೆದು, ತಂತ್ರಜ್ಞಾನ ಬಳಸುವ ಬಗೆಯನ್ನು ಉಳಿದವರಿಗೂ ಕಲಿಸಿ ಎಂದು ಟೀಚರನ್ನು ಕೇಳಿದರು. ಮೈಕ್ ಮುಚ್ಚುವ ಗುಂಡಿ ಎಲ್ಲಿದೆಯೆಂದು ತನಗಿನ್ನೂ ತಿಳಿದಿಲ್ಲ ಎಂದು ಟೀಚರು ಒಪ್ಪಿಕೊಂಡರು.

ಸಭೆ ಮುಗಿದ ಮೇಲೆ ಗಣಿತದ ಮೇಷ್ಟ್ರು ಸಂಕೋಚದಿಂದ ಫೋನ್ ಮಾಡಿದರು.

“ನಿಮ್ಮ ಯಜಮಾನ್ರು ಗುರುವಾರ ಬಿಡುವಾಗಿರ್ತಾರಾ, ಮೇಡಂ?”