ಶೋಧಿಸದ ಬಣ್ಣ

ಹೈದರಾಬಾದಿನ ಮಿಯಾಪುರದ ರಕ್ತಪರೀಕ್ಷಾ ಕೇಂದ್ರದಲ್ಲಿ ಮಗಳ ಜ್ವರದ ವರದಿಗೆ ಕಾದು ಕುಳಿತಿದ್ದೆ. ಒಳಗಿನಿಂದ ರಕ್ತದ ಸ್ಲೈಡಿಗೆ ಬಳಸುವ ಮೆಥನಾಲ್ ವಾಸನೆ ಬಂತು. ಅದರ ಹಿಂದೆಯೇ, ಕರೆಯದಿದ್ದರೂ, ನಮ್ಮ ಗೈಡ್ ನೆನಪಾದರು... ಮೂಗಿಗೆ ಕರವಸ್ತ್ರ ಒತ್ತಿಕೊಂಡು.

ಸಿಹಿನೀರಿನ ಮೀನುಗಳ ರಕ್ತದಲ್ಲಿ ಬದುಕುವ ಪರಜೀವಿಗಳ ಬಗ್ಗೆ ಪಿಎಚ್.ಡಿ. ಮಾಡಿಸುತ್ತಿದ್ದ ಆ ಮಹಾಶಯರಿಗೆ ಮೀನೆಂದರೆ ಹೇಸಿಗೆ. ಅವರು ಒಂದು ಮೀನನ್ನಾದರೂ ಮುಟ್ಟಿದ್ದನ್ನು ನಾನು ಕಾಣೆ. ಕೆರೆಯಿಂದ ಜೀವಂತ ಕೊರಮೀನು ತರುವುದು, ಬಾಲದ ಬುಡದಿಂದ ರಕ್ತ ತೆಗೆಯುವುದು, ಗಾಜಿನ ಮೇಲೆ ಸವರಿ ಬಣ್ಣ ಹಾಕುವುದು, ಎಲ್ಲವೂ ಲ್ಯಾಬ್ ಅಟೆಂಡರ್ ಕೆಲಸ. ಈ ಅಟೆಂಡರ್ ಯಾದಗಿರಿ ಕಡೆಯವರು, ಏಳನೆಯ ತರಗತಿ ಓದಿದವರು. ಸೂಕ್ಷ್ಮದರ್ಶಕದಲ್ಲಿ ನೋಡುವುದನ್ನು ನನಗೆ ಕಲಿಸಿದ್ದು ಅವರೇ. ಗೈಡ್ ಕಲಿಸಿದ್ದು ತಮ್ಮ ಹೆಸರನ್ನು ಮೊದಲು ಬರೆಯುವುದನ್ನು.

ಒಂದು ದಿನ ಅಟೆಂಡರ್ ರಜೆಯಲ್ಲಿದ್ದರು. ಅವಸರದಲ್ಲಿ ನಾನೇ ಸ್ಲೈಡಿಗೆ ಬಣ್ಣ ಹಾಕಿದೆ, ಸೋಸದೆ. ಅವತ್ತೇ ಗೈಡ್ ಅಪರೂಪಕ್ಕೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ರಕ್ತಕಣಗಳ ಮೇಲೆ ನೇರಳೆ ಚುಕ್ಕೆಗಳು! ಪರಜೀವಿಯ ಹೊಸ ಪ್ರಭೇದವೆಂದು ಕುಣಿದಾಡಿದರು. ಸಂಜೆಯೊಳಗೆ ಅದಕ್ಕೆ ತಮ್ಮ ಮಾವನವರ ಹೆಸರನ್ನೂ ಇಟ್ಟಾಗಿತ್ತು.

ಮರುದಿನ ಅಟೆಂಡರ್ ಆ ಸ್ಲೈಡ್ ನೋಡಿದರು. ಬಣ್ಣ ಸೋಸಿ, ಅದೇ ಮೀನಿನ ರಕ್ತದಿಂದ ಇನ್ನೊಂದು ಸ್ಲೈಡ್ ಮಾಡಿದರು. ಒಂದು ಚುಕ್ಕೆಯೂ ಇರಲಿಲ್ಲ.

"ಸಾರ್, ಅದು ಹುಳ ಅಲ್ರಿ. ಬಣ್ಣದ ಗಸಿ ಕುಂತೈತಿ." ಯಾರು ಬಣ್ಣ ಹಾಕಿದ್ದೆಂದು ಮಾತ್ರ ಹೇಳಲಿಲ್ಲ.

"ಮೇರೇಕು ಸಿಖಾತಾ?" ನನಗೇ ಕಲಿಸ್ತೀಯಾ ಎಂದು ಗೈಡ್ ಹೈದರಾಬಾದಿ ಹಿಂದಿಯಲ್ಲಿ ಗದರಿದರು. ಹೊಸ ಸ್ಲೈಡನ್ನು ನೋಡಲೂ ಇಲ್ಲ. ನನ್ನತ್ತ ತಿರುಗಿದರು. "ನೀನು ಹೇಳಮ್ಮ, ನಿನಗೆ ಕಾಣಿಸ್ತಲ್ಲ?"

"ಕಾಣಿಸ್ತು ಸಾರ್," ಎಂದೆ.

ಚಿತ್ರವನ್ನೂ ನಾನೇ ಬರೆದುಕೊಟ್ಟೆ. ಆ ಗಸಿಗೆ ಅಂದವಾದೊಂದು ಕೋಶಕೇಂದ್ರವನ್ನೂ ಸೇರಿಸಿದೆ. ಗೈಡ್‌ಗೆ ಶಾಲು, ಹಾರ, ಭಾಷಣ. ನನಗೆ ಪದವಿ. ಅಟೆಂಡರ್‌ಗೆ ಗೇಟಿನ ಬಳಿ ಒಂದು ಸ್ಟೂಲು, ನಿವೃತ್ತಿಯವರೆಗೆ. ಹಾದುಹೋಗುವಾಗ ನಾನು ಫೋನ್ ನೋಡುತ್ತಿದ್ದೆ...

ಕಳೆದ ತಿಂಗಳು ಗೈಡ್ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಅವರ ಮಹಾಶೋಧದ ಗುಣಗಾನ ನಡೆಯಿತು. ಜಗತ್ತಿನಲ್ಲಿ ಇಲ್ಲದ ಪ್ರಾಣಿಯೊಂದನ್ನು ಕಂಡುಹಿಡಿದ ಆ ಧೀಮಂತರಿಗೆ ನಾನೂ ಕೈಮುಗಿಯುವ ಚಿತ್ರ ಹಾಕಿದೆ. ಹಾಕಿದ ಮೇಲೆ ನನ್ನ ಮೇಲೇ ಅಸಹ್ಯವಾಯಿತು. ಆ ಭಾನುವಾರವೇ ಅಟೆಂಡರ್ ಮನೆ ಹುಡುಕಿಕೊಂಡು ಹೋದೆ.

ಅವರು ತೀರಿಹೋಗಿ ವರ್ಷವಾಗಿತ್ತು. ಹೆಂಡತಿ ಚಹಾ ಕೊಟ್ಟು, ಎದುರಿಗೆ ಕುಳಿತರು.

"ನಿಮ್ಮ ಸುದ್ದಿ ಭಾಳ ತಗೀತಿದ್ರು ನೋಡ್ರಿ. ಆ ಹುಡುಗಿ ಕಣ್ಣು ಭಾಳ ಚುರುಕ ಐತಿ, ಆಕಿ ಕಣ್ಣಿಗಿ ಏನೂ ತಪ್ಪಂಗಿಲ್ಲ ಅಂತಿದ್ರು."

ಅವತ್ತು ಕಾಣಿಸ್ತು ಎಂದದ್ದು ಸುಳ್ಳೆಂದು ಹೇಳಬೇಕೆಂದೇ ಹೋಗಿದ್ದೆ. ಚಹಾ ಚೆನ್ನಾಗಿದೆ ಎಂದಷ್ಟೇ ಹೇಳಿ ಎದ್ದುಬಂದೆ. ಇನ್ನೊಮ್ಮೆ ಹೋಗಬಹುದು, ಮನೆ ಗೊತ್ತಿದೆ... ಆದರೆ ಆ ಮಾತನ್ನು ಕೇಳಿಸಿಕೊಳ್ಳಬೇಕಾಗಿದ್ದವರು ಈಗ ಅಲ್ಲಿಲ್ಲ.